‘ಇಲ್‌ಮ್ಯಾಟಿಕ್’ ಕೇಳಿ ಮೈ ಜುಮ್ಮೆನ್ನಲಿಲ್ಲ, ತಪ್ಪು ನನ್ನ ಕಿವಿಯದಾ?

ಪ್ರಶ್ನೆ: ನನಗೆ 23 ವರ್ಷ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನಲ್ಲಿ. 2024ರಲ್ಲಿ ರ‍್ಯಾಪರ್ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ ಹಾಡು ಕೇಳಿ ಹಿಪ್ ಹಾಪ್ ಹುಚ್ಚು ಹಿಡಿಯಿತು. ಅಲ್ಲಿಂದ ಅಮೆರಿಕದ ರ‍್ಯಾಪರ್‌ಗಳಾದ ಟ್ರ್ಯಾವಿಸ್ ಸ್ಕಾಟ್, ಫ್ಯೂಚರ್ ಅಂತ ಹಿಂದಕ್ಕೆ ಹೋದೆ. ನನ್ನ ಚಿಕ್ಕಪ್ಪ 1992ರಿಂದ ಹತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದರು. ದಿನಾ ರೈಲಿನಲ್ಲಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅವರ ಪ್ರಕಾರ ನ್ಯೂಯಾರ್ಕಿನ ರ‍್ಯಾಪರ್ ನಾಸ್ ಅವರ ‘ಇಲ್‌ಮ್ಯಾಟಿಕ್’ ಆಲ್ಬಂ ಗೊತ್ತಿಲ್ಲದವರಿಗೆ ಹಿಪ್ ಹಾಪ್ ಗೊತ್ತಿಲ್ಲ. ನಾನು ಕೇಳುವುದು ‘ಬರೀ ಡಬ್ ಡಬ್’ ಅಂತೆ. ಅವರ ಮಾತಿಗೆ ಕಟ್ಟುಬಿದ್ದು ಆ ಆಲ್ಬಂ ಮೂರು ಸಲ ಕೇಳಿದೆ, ಆಫೀಸಿನಲ್ಲಿ ಕೆಲಸ ಮಾಡುತ್ತಾ. ಚೆನ್ನಾಗಿದೆ ಅನಿಸಿತು. ಆದರೆ ಮೈ ಜುಮ್ಮೆನ್ನಲಿಲ್ಲ. ಕ್ಲಾಸಿಕ್ ಅರ್ಥವಾಗುವ ಕಿವಿಯೇ ನನಗಿಲ್ಲವಾ? ಅಥವಾ ಚಿಕ್ಕಪ್ಪನದು ಹಳೇ ಕಾಲದ ವ್ಯಾಮೋಹವಾ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಚಿಕ್ಕಪ್ಪನದು ಬರೀ ವ್ಯಾಮೋಹವೂ ಅಲ್ಲ. ಉತ್ತರದ ಮುಕ್ಕಾಲು ಪಾಲು ನಿಮ್ಮ ಪತ್ರದಲ್ಲೇ ಇದೆ. ಅವರು ಕೇಳಿದ್ದು ರೈಲಿನಲ್ಲಿ. ನೀವು ಕೇಳಿದ್ದು ಆಫೀಸಿನಲ್ಲಿ, ಒಂದು ಕಣ್ಣು ಮಾನಿಟರ್ ಮೇಲಿಟ್ಟುಕೊಂಡು. ಅವರು ಕೇಳುವಾಗ ಆ ಆಲ್ಬಂ ಆಗಷ್ಟೇ ಅಂಗಡಿಗೆ ಬಂದಿತ್ತು. ನೀವು ಕೇಳುವಾಗ ಅದಕ್ಕೆ 30 ದಾಟಿದೆ, ನಿಮಗಿಂತ ದೊಡ್ಡದು.

ಹಿಪ್ ಹಾಪ್ ಬಗ್ಗೆ ನನಗಿರುವ ಗಟ್ಟಿ ಅಭಿಪ್ರಾಯ ಒಂದೇ. ಯಾವ ಊರಿನವರು ಎಲ್ಲಿ ಕೂತು ಕೇಳುತ್ತಿದ್ದರೋ ಆ ಜಾಗಕ್ಕೆ ತಕ್ಕ ಹಾಗೆ ಅಲ್ಲಿನವರು ಹಾಡು ಕಟ್ಟಿದ್ದಾರೆ. ರೈಲಿಗೆ ಕಟ್ಟಿದ್ದು ಬೇರೆ, ಕಾರಿಗೆ ಕಟ್ಟಿದ್ದು ಬೇರೆ, ಬೀದಿ ಕುಣಿತಕ್ಕೆ ಕಟ್ಟಿದ್ದು ಬೇರೆ. ಜಾಗ ತಪ್ಪಿಸಿ ಕೇಳಿದರೆ ಎಂಥ ಕ್ಲಾಸಿಕ್ ಆದರೂ ಸಪ್ಪೆ. ಇದರ ಮೇಲೆ ವಯಸ್ಸಿನ ಆಟ ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶುರುವಿನಿಂದಲೇ ನೋಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದ ಅಪಾರ್ಟ್‌ಮೆಂಟಿನಲ್ಲಿ ಒಂದು ಪಾರ್ಟಿ ನಡೆಯಿತು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಲ್ಲ, ಅದಕ್ಕೆ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಮಾಡಿದ ಏರ್ಪಾಡು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹರ್ಕ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬೀದಿಯಲ್ಲಿ ಆಳೆತ್ತರದ ಸ್ಪೀಕರ್ ಜೋಡಿಸಿ ಎದೆ ನಡುಗುವಂತೆ ಹಾಡು ಹಾಕುವ ಊರು ಅದು. ಹಾಡು, ರಾಗ ಎಲ್ಲ ನಿಂತು ಬರೀ ಡ್ರಮ್ಸ್ ಉಳಿಯುವ ತುಂಡು ಬಂದಾಗ ಹುಡುಗರು ಜಾಸ್ತಿ ಕುಣಿಯುವುದನ್ನು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನೇ ಮತ್ತೆ ಮತ್ತೆ ಹಾಕಿ ಉದ್ದ ಮಾಡುವ ಉಪಾಯ ಕಂಡುಕೊಂಡರು. ಅಂದರೆ ಹಿಪ್ ಹಾಪ್ ಹುಟ್ಟಿದ್ದೇ ‘ಬರೀ ಡಬ್ ಡಬ್’ ಆಗಿ. ಇದನ್ನು ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿ.

ಮಾತು ಮುಂದಕ್ಕೆ ಬಂದಿದ್ದು ನಿಧಾನವಾಗಿ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಹಿಟ್ ಆದಾಗಲೂ ಅದು ಪಾರ್ಟಿ ಹಾಡೇ. 1982ರ ‘ದಿ ಮೆಸೇಜ್’ ಬಡವರ ಕೇರಿಯ ಬದುಕನ್ನು ನೇರವಾಗಿ ಹೇಳಿದಾಗ ಜನ ನಿಂತು ಕೇಳಿದರು. ಆಮೇಲೆ 1987ರಲ್ಲಿ ಎರಿಕ್ ಬಿ ಮತ್ತು ರಾಕಿಂ ಜೋಡಿಯ ‘ಪೇಯ್ಡ್ ಇನ್ ಫುಲ್’ ಬಂತು. ಅಲ್ಲಿಯವರೆಗೆ ಹೆಚ್ಚಿನವರು ಕೂಗಿ ಹೇಳುತ್ತಿದ್ದರು, ಪ್ರಾಸ ಸಾಲಿನ ಕೊನೆಗೆ ಬೀಳುತ್ತಿತ್ತು. ರಾಕಿಂ ತಣ್ಣಗೆ, ಪಕ್ಕದಲ್ಲಿ ಕೂತು ಮಾತಾಡುವವರ ಹಾಗೆ ಹೇಳಿದರು. ಪ್ರಾಸವನ್ನು ಸಾಲಿನ ನಡುವೆಯೂ ಇಟ್ಟರು, ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿಸಿದರು. ಸ್ಯಾಕ್ಸಫೋನ್ ನುಡಿಸಿ ಬೆಳೆದವರು ಅವರು, ಉಸಿರಿನ ಲೆಕ್ಕ ಗೊತ್ತಿತ್ತು. ಕನ್ನಡದವರಿಗೆ ಇದು ತೀರಾ ಹೊಸದಾಗಬಾರದು. ನಮ್ಮ ಹಳೆಗನ್ನಡ ಕವಿಗಳು ಪ್ರಾಸ ಇಡುತ್ತಿದ್ದುದು ಸಾಲಿನ ಎರಡನೇ ಅಕ್ಷರದಲ್ಲಿ. ಸಾಲಿನ ಕೊನೆಯ ಪ್ರಾಸ ನಮಗೆ ರೂಢಿಯಾಗಿದ್ದೇ ಆಮೇಲೆ.

ಈ ದಾರಿಯ ತುದಿಯಲ್ಲಿ ನಿಂತಿದೆ ‘ಇಲ್‌ಮ್ಯಾಟಿಕ್’. ಬಂದಿದ್ದು 1994ರ ಏಪ್ರಿಲ್ 19ರಂದು. ನಾಸ್‌ಗೆ ಆಗ 20 ವರ್ಷ. ಬೆಳೆದಿದ್ದು ಕ್ವೀನ್ಸ್‌ಬ್ರಿಜ್‌ನಲ್ಲಿ, ಸರ್ಕಾರ ಬಡವರಿಗೆ ಕಟ್ಟಿಕೊಟ್ಟ, 3 ಸಾವಿರಕ್ಕೂ ಹೆಚ್ಚು ಮನೆಗಳ ದೊಡ್ಡ ವಸತಿ ಸಮುಚ್ಚಯ. ಆಲ್ಬಂನಲ್ಲಿ ಹತ್ತು ತುಣುಕು, ಒಟ್ಟು ಸುಮಾರು 40 ನಿಮಿಷ. ಮೊದಲು ಕಿವಿಗೆ ಬೀಳುವುದೇನು ಹೇಳಿ? ರೈಲಿನ ಸದ್ದು. ನೀವು ಮೂರು ಸಲ ಕೇಳಿದ್ದೀರಿ, ಇದು ನೆನಪಿದೆಯಾ?

ನ್ಯೂಯಾರ್ಕಿನಲ್ಲಿ ಜನ ನಡೆಯುತ್ತಾರೆ, ರೈಲು ಹತ್ತುತ್ತಾರೆ. 1994ರಲ್ಲಿ ಅವರ ಕಿವಿಯಲ್ಲಿ ವಾಕ್‌ಮನ್ ಇತ್ತು. ಹೆಡ್‌ಫೋನಿನಲ್ಲಿ ಕೇಳುವಾಗ ಕೆಳಗಿನ ಬೇಸ್ ಅಷ್ಟಾಗಿ ಸಿಗುವುದಿಲ್ಲ, ಆದರೆ ಮಾತು ಕಿವಿಯ ಒಳಗೇ ಬಂದು ಕೂರುತ್ತದೆ. ಹಾಗಾಗಿ ಅಲ್ಲಿನ ಹಾಡುಗಳಲ್ಲಿ ಮಾತು ಮುಂದೆ, ಅದರ ಹಿಂದೆ ಒಣ ಡ್ರಮ್ಸ್, ಅದರ ಹಿಂದೆ ಎಲ್ಲಿಂದಲೋ ಕಿತ್ತು ತಂದ ಜಾಸ್ ಪಿಯಾನೋದ ಚೂರು. ‘ದಿ ವರ್ಲ್ಡ್ ಈಸ್ ಯುವರ್ಸ್’ನಲ್ಲಿ ಬೀಟ್ ಕಟ್ಟಿದ ಪೀಟ್ ರಾಕ್ ಬಳಸಿದ್ದು ಅಹ್ಮದ್ ಜಮಾಲ್ ಅವರ ಪಿಯಾನೋ. ಎರಡೇ ಎರಡು ಕ್ಷಣದ ತುಂಡು ಸುತ್ತಿ ಸುತ್ತಿ ಬರುತ್ತದೆ, ಬೇಸರ ಬರುವುದಿಲ್ಲ.

ಆ ಒರಟು ದನಿಗೆ ಯಂತ್ರದ ಕಾರಣವೂ ಇದೆ. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್, ಅಂದರೆ ರೆಕಾರ್ಡಿನ ಚೂರು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ, ಆಗಿನ ನ್ಯೂಯಾರ್ಕಿನಲ್ಲಿ ಬೀಟ್ ಕಟ್ಟುವವರ ಅಚ್ಚುಮೆಚ್ಚು. ಅದರಲ್ಲಿ ಹಿಡಿಸುತ್ತಿದ್ದುದು ಒಟ್ಟು 10 ಸೆಕೆಂಡಿನಷ್ಟು ಸದ್ದು. ಇಡೀ ಹಾಡನ್ನು ಅಷ್ಟರಲ್ಲೇ ಕಟ್ಟಬೇಕು. ಹುಡುಗರು ಏನು ಮಾಡಿದರು ಗೊತ್ತಾ? ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಯಂತ್ರಕ್ಕೆ ತುಂಬಿದರು, ಆಮೇಲೆ ಒಳಗೆ ನಿಧಾನ ಮಾಡಿದರು. ಜಾಗ ಉಳಿಯಿತು. ಆದರೆ ಹಾಗೆ ಎಳೆದಾಗ ಸದ್ದಿಗೆ ಮರಳು ಸೇರಿದಂತೆ ಒಂದು ಗರಗರ ಬಂತು. ಅದೇ ಊರಿನ ಗುರುತಾಯಿತು. ನಿಮ್ಮ ಚಿಕ್ಕಪ್ಪ ‘ಆಗಿನ ಸೌಂಡೇ ಬೇರೆ’ ಅನ್ನುತ್ತಾರಲ್ಲ, ಅನ್ನದೇ ಇರುವುದಿಲ್ಲ, ಅದು ಅರ್ಧ ಪಾಲು ಈ ಜಿಪುಣತನದ ಸೌಂಡು.

ಈಗ ಲಾಸ್ ಏಂಜಲಿಸ್‌ಗೆ ಬನ್ನಿ. ಅಲ್ಲಿ ಎಲ್ಲರೂ ಕಾರಿನಲ್ಲೇ. ಬಿಸಿಲು, ಅಗಲ ರಸ್ತೆ, ಕಿಟಕಿ ಇಳಿಸಿ ನಿಧಾನಕ್ಕೆ ಹೋಗುವುದೇ ಒಂದು ಸಂಜೆಯ ಕಾರ್ಯಕ್ರಮ. 1992ರ ಡಿಸೆಂಬರಿನಲ್ಲಿ ಅಲ್ಲಿನ ರ‍್ಯಾಪರ್ ಡಾಕ್ಟರ್ ಡ್ರೇ ತಂದ ‘ದಿ ಕ್ರಾನಿಕ್’ ಆಲ್ಬಂ ಅದಕ್ಕೇ ಹೊಲಿಸಿದ ಅಂಗಿ. ಹಳೇ ರೆಕಾರ್ಡಿನಿಂದ ಚೂರು ಕಿತ್ತು ಹಾಕುವುದನ್ನು ಕಡಿಮೆ ಮಾಡಿ, ಪಾರ್ಲಿಮೆಂಟ್-ಫಂಕಡೆಲಿಕ್ ಬಳಗದ ಫಂಕ್ ರಾಗಗಳನ್ನು ವಾದ್ಯಗಾರರಿಂದ ಹೊಸದಾಗಿ ನುಡಿಸಿದರು. ಮೇಲೆ ಸಿಂಥಸೈಜರಿನ ತೆಳ್ಳನೆ ಸಿಳ್ಳೆಯಂಥ ದನಿ, ಕೆಳಗೆ ದುಂಡನೆ ಬೇಸ್. ಇದಕ್ಕೆ ಜಿ-ಫಂಕ್ ಅಂತ ಹೆಸರು ಬಿತ್ತು. ಇದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ನುಣುಪು ಜಾಸ್ತಿ ಆಯಿತು ಅನಿಸುತ್ತದೆ. ನ್ಯೂಯಾರ್ಕಿನವರ ದೂರೂ ಅದೇ ಆಗಿತ್ತು.

ಇನ್ನು ದಕ್ಷಿಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಿಮ್ಮ ಮನೆ ಇರುವುದು ಇಲ್ಲೇ.

ನಾನೂ ಒಂದು ಕಾಲದಲ್ಲಿ ನಿಮ್ಮ ಚಿಕ್ಕಪ್ಪನ ಪಾರ್ಟಿಯೇ. ಹೂಸ್ಟನ್ ಹಾಡುಗಳನ್ನು ಬೆಂಗಳೂರಿನ ಸಿಟಿ ಬಸ್ಸಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಕೇಳಿ, ‘ಇದೇನು, ಬ್ಯಾಟರಿ ಮುಗಿದ ಟೇಪ್ ಥರ ಇದೆ’ ಅಂತ ಬದಿಗಿಟ್ಟವನು. ಎಷ್ಟೋ ವರ್ಷದ ಮೇಲೆ ಹೂಸ್ಟನ್‌ನಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆ. ಜುಲೈ ತಿಂಗಳು, ರಾತ್ರಿ ಹತ್ತಾದರೂ ಬೆವರು. ಅವನ ಹಳೇ ಕಾರಿನ ಡಿಕ್ಕಿ ತುಂಬ ಸ್ಪೀಕರ್. ಫ್ರೀವೇ ಹತ್ತಿ ಅದೇ ಹಾಡು ಹಾಕಿದ. ಸೀಟು ನಡುಗಿತು, ಹಿಂದಿನ ನಂಬರ್ ಪ್ಲೇಟು ಕಟಕಟ ಅಂತು. ಆ ರಸ್ತೆಗೆ, ಆ ಸೆಕೆಗೆ ಅದಕ್ಕಿಂತ ಒಂದು ಗುಂಜಿ ವೇಗವಾಗಿದ್ದರೂ ತಪ್ಪಾಗುತ್ತಿತ್ತು. ಬಸ್ಸಿನಲ್ಲಿ ನನಗೆ ಹಾಡಿನ ಅರ್ಧವೇ ಸಿಕ್ಕಿತ್ತು. ಉಳಿದರ್ಧ ಆ ಇಯರ್‌ಫೋನಿಗೆ ಕೇಳಿಸುವಂಥದ್ದೇ ಆಗಿರಲಿಲ್ಲ.

ಆ ನಿಧಾನದ ಹಿಂದಿರುವವರು ಡಿಜೆ ಸ್ಕ್ರೂ. 1990ರ ದಶಕದಲ್ಲಿ ಅವರು ಬೇರೆಯವರ ಹಾಡುಗಳನ್ನು ಟರ್ನ್‌ಟೇಬಲ್ ಮೇಲೆ ನಿಧಾನ ಮಾಡಿ, ನಡುನಡುವೆ ಕತ್ತರಿಸಿ ಹಿಂದಕ್ಕೆಳೆದು, ಕ್ಯಾಸೆಟ್‌ಗಳಿಗೆ ತುಂಬಿ ಮನೆಯಿಂದಲೇ ಮಾರುತ್ತಿದ್ದರು. ಕೇರಿಯ ಹುಡುಗರು ಬಂದು ಅದರ ಮೇಲೆ ರ‍್ಯಾಪ್ ಮಾಡಿ ಹೋಗುತ್ತಿದ್ದರು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕೂಡ ಆ ಹುಡುಗರಲ್ಲಿ ಒಬ್ಬರು, ಟೇಪ್‌ಗಳಲ್ಲಿ ಅವರ ಹೆಸರು ಬಿಗ್ ಫ್ಲಾಯ್ಡ್. ಸ್ಕ್ರೂ 2000ದ ನವೆಂಬರಿನಲ್ಲಿ, 29ನೇ ವಯಸ್ಸಿಗೇ ತೀರಿಕೊಂಡರು. ಟ್ರ್ಯಾವಿಸ್ ಸ್ಕಾಟ್ ಬೆಳೆದಿದ್ದು ಇದೇ ಹೂಸ್ಟನ್ ಸುತ್ತ. ಅವರ 2018ರ ‘ಆಸ್ಟ್ರೋವರ್ಲ್ಡ್’ಗೆ ಆ ಊರಲ್ಲಿ ಮುಚ್ಚಿಹೋದ ಅಮ್ಯೂಸ್‌ಮೆಂಟ್ ಪಾರ್ಕಿನ ಹೆಸರು. ಅದರಲ್ಲಿ ಸ್ಕ್ರೂ ನೆನಪಿಗೆ ಒಂದು ಹಾಡೇ ಇದೆ. ಹನುಮಾನ್‌ಕೈಂಡ್ ಕೇರಳದಲ್ಲಿ ಹುಟ್ಟಿ, ಹೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿಗೆ ಬಂದವರು. ಗೊತ್ತಾಯಿತಾ? ನೀವು ಹುಬ್ಬಳ್ಳಿಯವರು, ಕಿವಿ ಮಾತ್ರ ಹೂಸ್ಟನ್ನಿನದು.

ದಕ್ಷಿಣ ಅಂದರೆ ಹೂಸ್ಟನ್ ಒಂದೇ ಅಲ್ಲ. ಮಯಾಮಿಯವರು ರೋಲಂಡ್ ಕಂಪನಿಯ 808 ಡ್ರಮ್ ಯಂತ್ರದ ಆಳದ ಗುದ್ದನ್ನು ಹಿಡಿದು, ವೇಗ ಏರಿಸಿ, ಕುಣಿತದ ಸಂಗೀತ ಮಾಡಿದರು. 1980ರಲ್ಲಿ ಬಂದು ಮೂರು ವರ್ಷಕ್ಕೇ ತಯಾರಿ ನಿಂತುಹೋದ ಯಂತ್ರ ಅದು. ಅದೇ ಗುದ್ದು ಅಟ್ಲಾಂಟಾಕ್ಕೆ ಹೋಯಿತು, ಟ್ರ್ಯಾಪ್ ಎಂಬ ಪ್ರಕಾರವಾಯಿತು, ಇವತ್ತು ನಿಮ್ಮ ಫೋನಿನಲ್ಲಿದೆ. ಮೆಂಫಿಸ್‌ನದು ಇನ್ನೊಂದು ಬಗೆ, ಕತ್ತಲು ಕತ್ತಲು, ದೆವ್ವದ ಸಿನಿಮಾ ಥರ.

ಆದರೆ ಊರಿಂದ ಊರಿಗೆ ರುಚಿ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಕಥೆ ನ್ಯೂ ಆರ್ಲಿಯನ್ಸ್‌ನದು. 1986ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ‘ಶೋಬಾಯ್ಸ್’ ಎಂಬ ಇಬ್ಬರು ‘ಡ್ರ್ಯಾಗ್ ರ‍್ಯಾಪ್’ ಅಂತ ಒಂದು ಹಾಡು ಮಾಡಿದರು. ಹಳೇ ಪೊಲೀಸ್ ಧಾರಾವಾಹಿಯ ಟ್ಯೂನು, 808, ಗ್ಯಾಂಗ್‌ಸ್ಟರ್ ನಾಟಕ. ಅವರ ಊರಲ್ಲಿ ಯಾರೂ ಮೂಸಲಿಲ್ಲ. ಆದರೆ ಆ ರೆಕಾರ್ಡು ಮೆಂಫಿಸ್‌ಗೆ, ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ಅಲ್ಲಿನ ಡಿಜೆಗಳು ಅದರೊಳಗಿನ ಗಂಟೆ ಬಾರಿಸಿದಂಥ ಒಂದು ಸದ್ದನ್ನು, ಒಂದು ಡ್ರಮ್ ತುಂಡನ್ನು ಹಿಡಿದುಕೊಂಡರು. 1990ರ ದಶಕದ ಶುರುವಿನಲ್ಲಿ ಅದರ ಮೇಲೇ ‘ಬೌನ್ಸ್’ ಎಂಬ ಇಡೀ ಪ್ರಕಾರ ಎದ್ದಿತು. ಜನ ಅದನ್ನು ಕರೆಯುವುದು ‘ಟ್ರಿಗರ್‌ಮ್ಯಾನ್’ ಬೀಟ್ ಅಂತ. ನ್ಯೂಯಾರ್ಕಿನ ಕಸದ ಬುಟ್ಟಿಯಲ್ಲಿದ್ದದ್ದು ಅಲ್ಲಿ ತಳಪಾಯದ ಕಲ್ಲಾಯಿತು. ಹಾಡು ಅದೇ, ಬದಲಾಗಿದ್ದು ಕೇಳಿದ ಊರು. ಮೆರವಣಿಗೆ, ಬ್ಯಾಂಡು, ಬೀದಿ ಕುಣಿತ ಮೊದಲಿಂದ ಇದ್ದ ಊರಿಗೆ ಬೇಕಾದದ್ದು ಅದರಲ್ಲಿತ್ತು. ಮಾತಿನ ಚಮತ್ಕಾರಕ್ಕೆ ಕಾಯುತ್ತಿದ್ದ ಊರಿಗೆ ಇರಲಿಲ್ಲ. ನಮ್ಮಲ್ಲೂ ತೆಂಕುತಿಟ್ಟಿನ ಚೆಂಡೆ ಕೇಳಿ ಬೆಳೆದವರಿಗೆ ಬಡಗಿನ ಆಟ ಒಂದು ಕಣ್ಣು ಮೆಳ್ಳೆಯಾಗಿ ಕಾಣುತ್ತದಲ್ಲ, ಹಾಗೆ.

ಹಾಗಾದರೆ ಎಲ್ಲ ಪಟ್ಟಿಗಳಲ್ಲೂ ‘ಇಲ್‌ಮ್ಯಾಟಿಕ್’ ಮೇಲೆ, ಹೂಸ್ಟನ್ ಕೆಳಗೆ ಯಾಕೆ? ಪಟ್ಟಿ ಬರೆದವರು ಯಾರು ನೋಡಿ. ರೆಕಾರ್ಡ್ ಕಂಪನಿಗಳು, ಪತ್ರಿಕೆಗಳು, ದೊಡ್ಡ ರೇಡಿಯೋ ಎಲ್ಲ ಹೆಚ್ಚಾಗಿ ನ್ಯೂಯಾರ್ಕಿನಲ್ಲಿ. ‘ದಿ ಸೋರ್ಸ್’ ಪತ್ರಿಕೆ 1988ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳ ಕೈಯಲ್ಲಿ ಶುರುವಾಗಿ ನ್ಯೂಯಾರ್ಕಿಗೆ ಬಂತು. ಅದರ ವಿಮರ್ಶೆಯಲ್ಲಿ ಅಂಕದ ಬದಲು ಮೈಕ್, ಐದಕ್ಕೆ ಐದು ಮೈಕ್ ಸಿಕ್ಕರೆ ಆಲ್ಬಂ ಕ್ಲಾಸಿಕ್ ಅಂತ ಸೀಲ್ ಬಿದ್ದ ಹಾಗೆ. ‘ಇಲ್‌ಮ್ಯಾಟಿಕ್’ಗೆ ಐದು ಸಿಕ್ಕಿತು. ‘ದಿ ಕ್ರಾನಿಕ್’ಗೆ ನಾಲ್ಕೂವರೆ. ಮಾರಾಟದ ಲೆಕ್ಕ ತಲೆಕೆಳಗು. ‘ದಿ ಕ್ರಾನಿಕ್’ ದೇಶವೆಲ್ಲ ಮೊಳಗಿತು. ‘ಇಲ್‌ಮ್ಯಾಟಿಕ್’ 10 ಲಕ್ಷದ ಗಡಿ ಮುಟ್ಟಿ ಪ್ಲಾಟಿನಂ ಆಗಿದ್ದು 2001ರಲ್ಲಿ, ಏಳು ವರ್ಷದ ಮೇಲೆ.

1995ರ ಆಗಸ್ಟ್ 3ರಂದು ಅದೇ ಪತ್ರಿಕೆಯ ಪ್ರಶಸ್ತಿ ಸಮಾರಂಭ ನ್ಯೂಯಾರ್ಕಿನಲ್ಲಿ ನಡೆಯಿತು. ಹೊಸ ಬಳಗದ ಪ್ರಶಸ್ತಿ ಅಟ್ಲಾಂಟಾದ ಔಟ್‌ಕಾಸ್ಟ್‌ಗೆ ಬಂತು. ಸಭೆ ಹುಯ್ಯೋ ಅಂತ ಕೂಗಿತು. ಆ ಬಳಗದ ಆಂಡ್ರೆ ಮೈಕ್ ಮುಂದೆ ನಿಂತು, ದಕ್ಷಿಣದವರಿಗೂ ಹೇಳುವುದಿದೆ ಅಂದು ಇಳಿದರು. 20 ವರ್ಷದ ಹುಡುಗ. ಮೂರು ವರ್ಷದ ಮೇಲೆ ಅವರ ‘ಅಕ್ವೆಮಿನಿ’ ಆಲ್ಬಂಗೆ ಅದೇ ಪತ್ರಿಕೆ ಐದು ಮೈಕ್ ಕೊಟ್ಟಿತು. 2004ರಲ್ಲಿ ಔಟ್‌ಕಾಸ್ಟ್‌ಗೆ ವರ್ಷದ ಅತ್ಯುತ್ತಮ ಆಲ್ಬಂನ ಗ್ರ್ಯಾಮಿ ಬಂತು. ನಿಮ್ಮ ಚಿಕ್ಕಪ್ಪ ಆ ಸಭೆಯಲ್ಲಿ ಇರಲಿಲ್ಲ, ಸರಿ. ಆದರೆ ಆ ಸಭೆಯ ಕಿವಿಯಿಂದಲೇ ಹಿಪ್ ಹಾಪ್ ಕಲಿತವರು.

ಪಟ್ಟಿಯಲ್ಲಿ ಯಾರಿಲ್ಲ ಅಂತಲೂ ಕೇಳಿ ನೋಡಿ. ನಾಸ್ ‘ಇಲ್‌ಮ್ಯಾಟಿಕ್’ ಮಾಡುವುದಕ್ಕೆ ಹತ್ತು ವರ್ಷ ಮೊದಲೇ, 1984ರಲ್ಲಿ, ಅದೇ ಕ್ವೀನ್ಸ್‌ಬ್ರಿಜ್‌ನ ರಾಕ್ಸಾನ್ ಶಾಂಟೆ ತನ್ನ 14ನೇ ವಯಸ್ಸಿನಲ್ಲಿ ಒಂದು ಬೈಗುಳದ ಹಾಡು ಹೇಳಿ ಊರೆಲ್ಲ ಅಲ್ಲಾಡಿಸಿದ್ದರು. ಚಿಕ್ಕಪ್ಪನ ಪಟ್ಟಿಯಲ್ಲಿ ಅವರಿದ್ದಾರಾ? ಬಹುತೇಕ ಗಂಡಸರ ಪಟ್ಟಿಗಳಲ್ಲಿ ಇರುವುದಿಲ್ಲ.

ಈಗ ವಯಸ್ಸಿನ ವಿಷಯ. ಹದಿಮೂರು, ಹದಿನಾಲ್ಕರಿಂದ ಇಪ್ಪತ್ತೆರಡು, ಇಪ್ಪತ್ಮೂರರವರೆಗೆ ಕೇಳಿದ ಹಾಡು ಗಟ್ಟಿಯಾಗಿ ಅಂಟುತ್ತದೆ ಅನ್ನುವುದು ಮನಶ್ಶಾಸ್ತ್ರಜ್ಞರು ಒಪ್ಪಿದ ಮಾತು. ಅದಕ್ಕೆ ಶಾಸ್ತ್ರ ಯಾಕೆ, ನಮ್ಮ ಮನೆಗಳಲ್ಲೇ ಗೊತ್ತಾಗುತ್ತದೆ. ನಿಮ್ಮ ಚಿಕ್ಕಪ್ಪನಿಗೆ ‘ಇಲ್‌ಮ್ಯಾಟಿಕ್’ ಅಂದರೆ ಬರೀ ಹಾಡಲ್ಲ. ಹೊಸ ದೇಶ, ಮೊದಲ ಸಂಬಳ, ಚಳಿಗಾಲದ ಪ್ಲಾಟ್‌ಫಾರಂ, ಯಾರೂ ಪರಿಚಯವಿಲ್ಲದ ರೈಲು. ಅದೆಲ್ಲ ಆ 40 ನಿಮಿಷದಲ್ಲಿ ಸೇರಿಕೊಂಡಿದೆ. ನಿಮಗೆ ಸಿಕ್ಕಿದ್ದು ಅದನ್ನೆಲ್ಲ ಕಳೆದು ಉಳಿದ ಹಾಡು.

ಆದರೆ ತಲೆಮಾರಿನ ಜಗಳ ನೀವಿಬ್ಬರು ಶುರುಮಾಡಿದ್ದಲ್ಲ. 1983ರಲ್ಲಿ ರನ್-ಡಿಎಂಸಿ ಬಳಗ ಬರೀ ಡ್ರಮ್ ಯಂತ್ರ ಮತ್ತು ಗಂಟಲು ಇಟ್ಟುಕೊಂಡು ಬಂದಾಗ, ಡಿಸ್ಕೋ ಬ್ಯಾಂಡಿನ ಮೇಲೆ ಹಾಡುತ್ತಿದ್ದವರೆಲ್ಲ ಕೆಲವೇ ತಿಂಗಳಲ್ಲಿ ಹಳಬರಾದರು. ನಾಲ್ಕು ವರ್ಷದಲ್ಲಿ ರಾಕಿಂ ಬಂದು ರನ್-ಡಿಎಂಸಿಯವರ ಕೂಗನ್ನು ಹಳೆಯದು ಮಾಡಿದರು. ‘ಇಲ್‌ಮ್ಯಾಟಿಕ್’ ಬಂದ ವರ್ಷವೂ, ಎಂಬತ್ತರ ದಶಕದ್ದೇ ಅಸಲಿ ಅನ್ನುವ ಅಣ್ಣಂದಿರು ಇದ್ದರು. ಇನ್ನೊಂದು ಕಡೆ 2016ರಲ್ಲಿ ಅಟ್ಲಾಂಟಾದ ರ‍್ಯಾಪರ್ ಲಿಲ್ ಯಾಟಿ, ತೊಂಬತ್ತರ ದಶಕದ ದಿಗ್ಗಜರಾದ ಬಿಗ್ಗಿ ಮತ್ತು ಟೂಪಾಕ್ ಅವರ ಐದು ಹಾಡು ಹೆಸರಿಸಲು ನನ್ನಿಂದಾಗದು ಅಂದಾಗ ದೊಡ್ಡವರು ಮೈಮೇಲೆ ಬಿದ್ದರು. ಆ ಹುಡುಗ ಹುಟ್ಟಿದ್ದು 1997ರ ಆಗಸ್ಟಿನಲ್ಲಿ. ಬಿಗ್ಗಿ ಅದೇ ವರ್ಷ ಮಾರ್ಚಿನಲ್ಲೇ ಗುಂಡೇಟಿಗೆ ಸತ್ತಿದ್ದರು. ಗೊತ್ತಿಲ್ಲ ಅಂದಿದ್ದಕ್ಕೆ ಬೈಯುವುದೇನಿದೆ, ತಿಳಿದುಕೊಳ್ಳಲ್ಲ ಅಂದರೆ ಬೈಯಬಹುದು.

ಇನ್ನೊಂದು ಸಂಗತಿ ಹಳಬರು ಹೇಳುವುದಿಲ್ಲ. ಅವರ ಸುವರ್ಣ ಕಾಲ ಮುಗಿದಿದ್ದು ಬರೀ ಹೊಸ ಹುಡುಗರ ಸೋಮಾರಿತನದಿಂದಲ್ಲ, ಕೋರ್ಟಿನಿಂದ. ಬಿಜ್ ಮಾರ್ಕಿ ಎಂಬ ರ‍್ಯಾಪರ್ ಅನುಮತಿ ಇಲ್ಲದೆ ಹಳೇ ಹಾಡಿನ ಚೂರು ಬಳಸಿದ್ದಕ್ಕೆ 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು ಕೊಟ್ಟ ತೀರ್ಪು ಶುರುವಾಗುವುದೇ ‘ಕದಿಯಬಾರದು’ ಎಂಬ ಬೈಬಲ್ ಆಜ್ಞೆಯಿಂದ. ಅಲ್ಲಿಂದ ಮುಂದೆ ಪ್ರತಿ ಚೂರಿಗೂ ಅನುಮತಿ, ಪ್ರತಿ ಚೂರಿಗೂ ದುಡ್ಡು. ಒಂದೇ ಹಾಡಿನಲ್ಲಿ ಹತ್ತಾರು ಚೂರು ಹೊಲಿಯುವ ಕೌದಿ ಕೆಲಸ ದುಬಾರಿಯಾಯಿತು. ಡ್ರೇ ಥರ ವಾದ್ಯ ನುಡಿಸುವುದು, ದಕ್ಷಿಣದವರ ಥರ 808 ಮೇಲೆ ಕಟ್ಟುವುದು ಅಗ್ಗವಾಯಿತು. ರುಚಿ ಬದಲಾಯಿತು ಅನ್ನುತ್ತೇವೆ. ಎಷ್ಟೋ ಸಲ ಬದಲಾಗಿರುವುದು ಬಿಲ್ಲು.

ಅದೇ ಕಾರಣಕ್ಕೆ ನಿಮ್ಮ ವಯಸ್ಸಿನವರಿಗೆ ಒಂದು ನಷ್ಟವೂ ಆಗಿದೆ. ಡೆ ಲಾ ಸೋಲ್ ಬಳಗದ ‘3 ಫೀಟ್ ಹೈ ಅಂಡ್ ರೈಸಿಂಗ್’ 1989ರದ್ದು. ನಗು, ತರಲೆ, ನೂರೆಂಟು ಚೂರುಗಳ ಜೋಡಣೆ. ಹಕ್ಕುಗಳ ಗೋಜಲಿನಿಂದ ಅದು ಸ್ಟ್ರೀಮಿಂಗ್‌ಗೆ ಬಂದಿದ್ದು 2023ರ ಮಾರ್ಚ್ 3ಕ್ಕೆ. ಬಳಗದ ಟ್ರುಗಾಯ್ ಅದಕ್ಕೆ ಮೂರು ವಾರ ಮುಂಚೆ ತೀರಿಕೊಂಡಿದ್ದರು. ಫೋನಿನಲ್ಲೇ ಹಾಡು ಕೇಳಿ ಬೆಳೆದ ಒಂದು ಇಡೀ ತಲೆಮಾರಿಗೆ ಆ ಆಲ್ಬಂ ಇರಲೇ ಇಲ್ಲ. ಕೇಳದೇ ಇರುವುದನ್ನು ಇಷ್ಟಪಡಲಿಲ್ಲ ಅಂತ ಹುಡುಗರನ್ನು ದೂರಿದರೆ ಹೇಗೆ?

ಕನ್ನಡದ ಕೇಳುಗರಾದ ನಮಗೆ ಒಂದು ವಿಚಿತ್ರ ಸ್ಥಾನ ಇದೆ. ಧಾರವಾಡದವರು, ಮಂಡ್ಯದವರು, ಕುಂದಾಪುರದವರು ಒಂದೊಂದು ಮಾತಾಡಿದರೆ ಸಾಕು, ಊರು ಹೇಳುತ್ತೇವೆ. ಆದರೆ ಕ್ವೀನ್ಸ್ ಇಂಗ್ಲಿಷಿಗೂ ಅಟ್ಲಾಂಟಾ ಇಂಗ್ಲಿಷಿಗೂ ಇರುವ ವ್ಯತ್ಯಾಸ ನಮ್ಮ ಕಿವಿಗೆ ಬೇಗ ಸಿಗುವುದಿಲ್ಲ. ದಕ್ಷಿಣದವರ ಎಳೆದ ಮಾತನ್ನು ನ್ಯೂಯಾರ್ಕಿನವರು ಹಳ್ಳಿ ಗಮಾರರ ಮಾತು ಅಂತ ಆಡಿಕೊಂಡರು. ನಮಗೆ ಆ ತಾತ್ಸಾರ ಹುಟ್ಟಿನಿಂದ ಬಂದಿದ್ದಲ್ಲ. ಇದು ಅನುಕೂಲ. ಅನನುಕೂಲ ಏನೆಂದರೆ ಮಾತಿನ ಅರ್ಥ ತಡವಾಗಿ ಹತ್ತುತ್ತದೆ, ಬೀಟ್ ಮೊದಲು ಹತ್ತುತ್ತದೆ. ಹಾಗಾಗಿ ಮಾತಿನ ಮೇಲೆ ನಿಂತ ಆಲ್ಬಂ ನಮಗೆ ಮೊದಲ ಕೇಳ್ಮೆಯಲ್ಲಿ ಸೋಲುತ್ತದೆ. ಬೆಂಗಳೂರಿನಲ್ಲೇ ನಿಮಗಿಂತ ಹಿಂದಿನ ತಲೆಮಾರು ಬೇರೆ ಬಾಗಿಲಿಂದ ಬಂತು. ರ‍್ಯಾಪರ್ ಬ್ರೋಧಾ ವಿ ಮತ್ತು ಗೆಳೆಯರು ಕಟ್ಟಿದ ಗುಂಪಿನ ಹೆಸರೇ ‘ಮಚಾಸ್ ವಿತ್ ಆ್ಯಟಿಟ್ಯೂಡ್’, ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್‌ನ ಎನ್‌ಡಬ್ಲ್ಯೂಎ ಎಂಬ ರ‍್ಯಾಪ್ ಬಳಗದ ಹೆಸರಿಗೆ ಹೊಡೆದ ಸಲಾಮು. ಅವರು ಕ್ಯಾಲಿಫೋರ್ನಿಯಾ ಬಾಗಿಲು, ನೀವು ಟೆಕ್ಸಾಸ್ ಬಾಗಿಲು, ಚಿಕ್ಕಪ್ಪ ನ್ಯೂಯಾರ್ಕ್ ಬಾಗಿಲು.

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪನ ಪರವಾಗಿಯೂ ಮಾತಾಡಬೇಕು. ಎಲ್ಲವೂ ಅವರವರ ಊರು, ಅವರವರ ವಯಸ್ಸು ಅಂತ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ‘ಇಲ್‌ಮ್ಯಾಟಿಕ್’ ನಿಜಕ್ಕೂ ದೊಡ್ಡ ಕೆಲಸ. ‘ಒನ್ ಲವ್’ ತೆಗೆದುಕೊಳ್ಳಿ. ಜೈಲಿನಲ್ಲಿರುವ ಗೆಳೆಯನಿಗೆ ಬರೆದ ಕಾಗದದ ರೂಪದಲ್ಲಿದೆ. ಕೇರಿಯಲ್ಲಿ ಯಾರು ಏನಾದರು, ನಿನ್ನ ಮಗು ಹೇಗಿದೆ, ಯಾರು ನಂಬಿಕೆಗೆ ದ್ರೋಹ ಮಾಡಿದರು. ಅಳು ಇಲ್ಲ, ಉಪದೇಶ ಇಲ್ಲ. 20ರ ಹುಡುಗ ಅಷ್ಟು ತಣ್ಣಗೆ ಹೇಗೆ ಬರೆದ ಅನ್ನುವುದೇ ಆಶ್ಚರ್ಯ. ಇದಕ್ಕೆ ಬೀಟ್ ಮೇಲೆ ತೇಲಿಕೊಂಡು ಹೋದರೆ ಆಗದು, ಕೂತು ಸಾಲು ಹಿಡಿಯಬೇಕು. ಅಷ್ಟು ಕೆಲಸ ನೀವು ಇನ್ನೂ ಮಾಡಿಲ್ಲ. ಅದೇ ಥರ, ಹೆಂಗಸರ ಬಗ್ಗೆ ಆ ಕಾಲದ ಎಷ್ಟೋ ಆಲ್ಬಂಗಳು ಆಡುವ ಮಾತು ಇವತ್ತಿನ ಕಿವಿಗೆ ಚುಚ್ಚಿದರೆ, ಅದನ್ನು ಚುಚ್ಚಿತು ಅಂತಲೇ ಹೇಳಿ. ಕ್ಲಾಸಿಕ್ ಅಂತ ಮಾಫಿ ಮಾಡಬೇಕಿಲ್ಲ.

ಚಿಕ್ಕಪ್ಪನಿಗೆ ಹೇಳಲು ಒಂದು ತಮಾಷೆಯ ವಿಷಯ ಕೊಡುತ್ತೇನೆ. ‘ಇಲ್‌ಮ್ಯಾಟಿಕ್’ನ ಮೂರು ಹಾಡಿಗೆ ಬೀಟ್ ಕಟ್ಟಿದವರು ಡಿಜೆ ಪ್ರೀಮಿಯರ್. ನ್ಯೂಯಾರ್ಕ್ ಸೌಂಡ್ ಅಂದರೆ ಅವರೇ ಅನ್ನುವಷ್ಟು ಹೆಸರು. ಅವರು ಟೆಕ್ಸಾಸ್‌ನವರು, ಹುಟ್ಟಿದ್ದು ಹೂಸ್ಟನ್‌ನಲ್ಲಿ. ‘ಲೈಫ್ಸ್ ಎ ಬಿಚ್’ ಹಾಡಿನ ಕೊನೆಗೆ ಹೊಗೆಯ ಹಾಗೆ ಏಳುವ ಕಹಳೆ ದನಿ ನಾಸ್ ಅವರ ತಂದೆ ಓಲು ದಾರಾ ಅವರದು. ಅವರ ಊರು ಮಿಸಿಸಿಪಿಯ ನ್ಯಾಚೆಜ್. ಚಿಕ್ಕಪ್ಪನ ನ್ಯೂಯಾರ್ಕಿನೊಳಗೆ ಅಷ್ಟು ದಕ್ಷಿಣ ಇದೆ.

ಇನ್ನು ಕೇಳುವುದು ಹೇಗೆ ಅಂತ. ಒಂದು ಸಂಜೆ ವೈಟ್‌ಫೀಲ್ಡ್‌ನಲ್ಲಿ ಮೆಟ್ರೋ ಹತ್ತಿ. ಒಳ್ಳೆ ಹೆಡ್‌ಫೋನ್ ಇರಲಿ, ಫೋನಿನಲ್ಲಿ ಸಾಹಿತ್ಯ ತೆರೆದಿರಲಿ, ಬೇರೆ ಏನೂ ಬೇಡ. ಮೊದಲ ರೈಲಿನ ಸದ್ದು ನಿಮ್ಮ ರೈಲಿನ ಸದ್ದಿನಲ್ಲಿ ಸೇರಿಕೊಳ್ಳಲಿ. ಮೆಜೆಸ್ಟಿಕ್ ಬರುವಷ್ಟರಲ್ಲಿ ಆಲ್ಬಂ ಮುಗಿದಿರುತ್ತದೆ. ಆಗಲೂ ಹಿಡಿಸದಿದ್ದರೆ ಬಿಡಿ, ಯಾರೂ ಫೇಲ್ ಮಾಡುವುದಿಲ್ಲ. ಹಿಡಿಸಿದರೆ ಅಲ್ಲಿಂದ ರಾಕಿಂ ಕಡೆಗೆ ಹಿಂದೆ ಹೋಗಿ, ಆಮೇಲೆ ‘ಅಕ್ವೆಮಿನಿ’ಗೆ ಬನ್ನಿ. ಮಾತೂ ಬೇಸೂ ಒಟ್ಟಿಗೇ ಇರುವ ಆಲ್ಬಂ ಅದು, ನಿಮ್ಮಿಬ್ಬರಿಗೂ ಜಗಳವಾಗದೆ ಒಟ್ಟಿಗೆ ಕೇಳಲು ಸಿಗುವ ಅಪರೂಪದ ಜಾಗ.

ಚಿಕ್ಕಪ್ಪ ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಒಂದು ಕೆಲಸ ಮಾಡಿ. ಯುಜಿಕೆ ಬಳಗದ 1996ರ ‘ರೈಡಿನ್ ಡರ್ಟಿ’ ಆಲ್ಬಂ ಇಟ್ಟುಕೊಳ್ಳಿ. ಅವರು ಹೂಸ್ಟನ್ ಆಚೆಯ ಪೋರ್ಟ್ ಆರ್ಥರ್‌ನವರು. ಮನೆಯಲ್ಲಿ, ಫೋನಿನ ಸ್ಪೀಕರಿನಲ್ಲಿ ಹಾಕಬೇಡಿ. ಒಳ್ಳೆ ಬೇಸ್ ಇರುವ ಕಾರು ಯಾರದ್ದಾದರೂ ಕೇಳಿ ತೆಗೆದುಕೊಳ್ಳಿ, ರಾತ್ರಿ ಊಟ ಆದ ಮೇಲೆ ಧಾರವಾಡದ ಕಡೆ ಹೊರಡಿ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಏನೂ ವಿವರಿಸಬೇಡಿ, ವಾಲ್ಯೂಮ್ ಮಾತ್ರ ಕಡಿಮೆ ಮಾಡಬೇಡಿ.